ಇನ್ನಷ್ಟು ರೂಟರ್ ಬೇಡ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ತಾಲ್ಲೂಕು ಕಚೇರಿಯ ಪ್ರತಿ ಶಾಖೆಗೂ ಹೊಸ ವೈಫೈ ರೂಟರ್ ಕೊಡಿಸುತ್ತೇನೆ ಎಂದಿದ್ದೀರಿ. ದಯವಿಟ್ಟು ಕೊಡಿಸಬೇಡಿ. ನನ್ನದು ನೆಟ್‌ವರ್ಕ್ ಕೆಲಸ, ರೂಟರ್ ಖರ್ಚಾದರೆ ನನಗೇ ಲಾಭ. ಆದರೂ ಹೇಳುತ್ತಿದ್ದೇನೆ.

ಮೊನ್ನೆ ಪಹಣಿಗೆಂದು ಸಾಲಿನಲ್ಲಿ ನಿಂತಿದ್ದೆ. ಕೌಂಟರಿನಿಂದ ಮಾಮೂಲಿ ಮಾತು ಬಂತು: 'ಸರ್ವರ್ ಇಲ್ಲ, ನಾಳೆ ಬನ್ನಿ.' ಸುಮ್ನೆ ನಿಲ್ಲುವ ಬದಲು ಮೊಬೈಲಿನಲ್ಲಿ ವೈಫೈ ಅನಲೈಜರ್ ತೆರೆದೆ, ಅಂದರೆ ಸುತ್ತಲಿನ ವೈಫೈಗಳು ಯಾವ ಚಾನೆಲ್‌ನಲ್ಲಿವೆ ಎಂದು ತೋರಿಸುವ ಆ್ಯಪ್. ಭೂಮಿ, ಸರ್ವೆ, ನೋಂದಣಿ, ಖಜಾನೆ, ಎಲ್ಲರದ್ದೂ ಬೇರೆ ಬೇರೆ ರೂಟರ್. ಹೆಚ್ಚುಕಮ್ಮಿ ಎಲ್ಲವೂ 2.4 ಗಿಗಾಹರ್ಟ್ಸ್ ಎಂಬ ಒಂದೇ ರೇಡಿಯೊ ತರಂಗಪಟ್ಟಿಯಲ್ಲೇ. ಸರ್ವರ್ ಪಾಪ ಬೆಂಗಳೂರಿನಲ್ಲಿ ಚೆನ್ನಾಗಿಯೇ ಇದ್ದಿರಬೇಕು!

ಈ ತರಂಗಪಟ್ಟಿಯಲ್ಲಿ 13 ಚಾನೆಲ್ ಇವೆ ಎನ್ನುತ್ತಾರೆ. ಆದರೆ ಒಂದರಿಂದ ಇನ್ನೊಂದಕ್ಕೆ 5 ಮೆಗಾಹರ್ಟ್ಸ್ ಅಂತರ, ಒಂದು ಸಿಗ್ನಲ್‌ಗೆ ಬೇಕಾಗುವುದು 20ರಿಂದ 22. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್‌ಗಳು 1, 6, 11, ಮೂರೇ. ಎಲ್ಲರೂ 6ರಲ್ಲಿ ಕೂತರೂ ಪರವಾಗಿಲ್ಲ, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ನಿಧಾನ ಆಗುತ್ತದೆ, ಅಷ್ಟೇ. ಜಾಸ್ತಿ ತೊಂದರೆ ಕೊಡುವುದು 4, 8ರಲ್ಲಿ ಕೂತವರು. ಅವರ ಮಾತು 6ರವರಿಗೆ ಅರ್ಥವಾಗುವುದಿಲ್ಲ, ಬರೀ ಗದ್ದಲವಾಗಿ ಬಡಿಯುತ್ತದೆ. ಕಳಿಸಿದ ಡೇಟಾ ಕೆಡುತ್ತದೆ, ಮತ್ತೆ ಕಳಿಸಬೇಕಾಗುತ್ತದೆ. ಆ ಹೊತ್ತಿಗೆ ಅರ್ಜಿಯ ಪುಟ 'ಟೈಮ್ ಔಟ್' ಆಗಿರುತ್ತದೆ. ಸಿಗ್ನಲ್ ಸಾಲದು ಅಂತ ಪವರ್ ಏರಿಸಿದರೆ ಪಕ್ಕದ ಶಾಖೆಗೂ ಕಾಟ. ಇದರ ಮೇಲೆ ಹೊಸ ರೂಟರ್ ಬೇರೆ ತಂದಿಟ್ಟರೆ ಏನಾಗುತ್ತದೆ, ನೀವೇ ಹೇಳಿ.

ಮೊದಲು ಕದಲದ ಸಾಮಾನಿಗೆಲ್ಲ ಕೇಬಲ್ ಎಳೆಸಿ. ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿಗೆ ವೈಫೈ ಯಾಕೆ ಬೇಕು, ಅಲ್ವಾ? ಉಳಿದದ್ದನ್ನು ಆದಷ್ಟು ವೈಫೈನ ಇನ್ನೊಂದು ತರಂಗಪಟ್ಟಿ, 5 ಗಿಗಾಹರ್ಟ್ಸ್‌ಗೆ ಹಾಕಿಸಿ. ಅಲ್ಲಿ ಜಾಗ ಧಾರಾಳವಾಗಿದೆ. 2018ರಲ್ಲೇ ಕೇಂದ್ರ ಸರ್ಕಾರ 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ. ಆ ಸಿಗ್ನಲ್ ಗೋಡೆ ಅಷ್ಟಾಗಿ ದಾಟುವುದಿಲ್ಲ ಎಂದು ಜನ ಗೊಣಗುತ್ತಾರೆ. ಇಂಥ ಕಟ್ಟಡದಲ್ಲಿ ನಮಗೆ ಬೇಕಾದ್ದೇ ಅದು, ಪಕ್ಕದ ಶಾಖೆಗೆ ಕಾಟ ಕಡಿಮೆ. 2.4ರಲ್ಲಿ ಉಳಿಯಲೇಬೇಕಾದ ಹಳೇ ಸಾಧನಗಳಿಗೆ 1, 6, 11 ಹಂಚಿ, ಪವರ್ ಇಳಿಸಿದರೆ ಸಾಕು.

ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ. ಇಡೀ ಕಟ್ಟಡದ ನೆಟ್‌ವರ್ಕ್‌ಗೆ ಒಬ್ಬರೇ ಹೊಣೆ ಇರಬೇಕು. ಈಗ ಯಾರೂ ಇಲ್ಲ. ತಾಲ್ಲೂಕಿನ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಆ ಒಬ್ಬರು ಯಾರೆಂದು ತೀರ್ಮಾನಿಸಿ. ಯಾವುದಾದರೂ ಭಾನುವಾರ ಬಾಗಿಲು ತೆಗೆಸಿದರೆ ಚಾನೆಲ್ ಹೊಂದಿಸುವ ಕೆಲಸ ನಾನೇ ಬಿಟ್ಟಿಯಾಗಿ ಮಾಡಿಕೊಡುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ