ಇಂಗ್ಲಿಷಿನವರು ಓಡಿಸುವ ಅಂಗಡಿ, ನಾವು ನಡೆಸುವ ಅಂಗಡಿ

ಪ್ರಿಯ ಗೆಳೆಯಾ,

'ರನ್' ಪದದ ಅರ್ಥಗಳನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡ್ತಿದ್ದೀನಿ, ಮುಗಿಯುತ್ತಲೇ ಇಲ್ಲ ಅಂತ ಬರೆದಿದ್ದೀಯ. ಅದು ಮುಗಿಯುವ ಪಟ್ಟಿಯಲ್ಲ ಮಾರಾಯ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದದ್ದು 'ಸೆಟ್'. ಮುಂದಿನ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ 'ರನ್' ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ! ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಈ ಒಂದೇ ಪದದ ಮುಂದೆ ತಿಂಗಳುಗಟ್ಟಲೆ ಕೂತಿದ್ದರು.

ಆದರೆ ಹುಟ್ಟಿನಿಂದ ಇಂಗ್ಲಿಷ್ ಆಡುವವರ ತಲೆಯಲ್ಲೂ ಈ 645 ಸಾಲಾಗಿ ಕೂತಿಲ್ಲ. ನಮ್ಮ ತಲೆಯಲ್ಲಿ 'ಹರಿ' ಹೇಗಿದೆ ನೋಡು. ನೀರು ಹರಿಯುತ್ತದೆ, ಅಂಗಿ ಹರಿಯುತ್ತದೆ, ಹಾವು ಹರಿದುಹೋಗುತ್ತದೆ, ಬೆಳಕು ಹರಿಯುತ್ತದೆ. ಜಗಳ ಬಗೆಹರಿಯುತ್ತದೆ. ಓದುವಾಗ ಗಮನ ಹರಿಸುತ್ತೇವೆ. ಆಗದ ಕೆಲಸ ಎದುರಾದರೆ 'ಇದು ನನ್ನಿಂದ ಹರಿಯೋದಲ್ಲ' ಅಂತೀವಿ. ಇದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. 'ಅಂಗಿ' ಅಂದ ಕೂಡಲೇ ಕಿತ್ತುಹೋದ ಬಟ್ಟೆ ಕಣ್ಣಿಗೆ ಬರುತ್ತದೆ, ನೀರಿನ ನೆನಪೂ ಆಗುವುದಿಲ್ಲ. ಪಕ್ಕದಲ್ಲಿರುವ ಪದ ಯಾವುದು ಅನ್ನುವುದರ ಮೇಲೆ ಅರ್ಥ ತೀರ್ಮಾನವಾಗಿಬಿಡುತ್ತದೆ. ನೀನು 'ರನ್' ಒಂದನ್ನೇ ಹಿಡಿದು ಅರ್ಥ ಹುಡುಕುತ್ತಿದ್ದೀಯ, ಅದಕ್ಕೇ ಸುಸ್ತಾಗಿದ್ದೀಯ ಅಂತ ನನಗನ್ನಿಸುತ್ತದೆ.

ಮೊದಲು ನೀರಿನಿಂದ ಶುರು ಮಾಡು. ಕಾಲಿನ ಓಟದಷ್ಟೇ ಹಳೆಯದು ಈ ಪದದ ಹರಿವು. ಜರ್ಮನ್ ಭಾಷೆಯಲ್ಲಿ ಇದರ ಬಂಧುವಾದ 'ರಿನ್ನೆನ್' ಇವತ್ತಿಗೂ ಹರಿಯುವುದಕ್ಕೆ, ಜಿನುಗುವುದಕ್ಕೆ ಬಳಕೆಯಲ್ಲಿದೆ. ಇದು ಗೊತ್ತಾದರೆ ನದಿ ರನ್ ಆಗುವುದು, ನೆಗಡಿಯಾದಾಗ ಮೂಗು ರನ್ ಆಗುವುದು, ನಲ್ಲಿ ಬಿಟ್ಟು ಸ್ನಾನದ ತೊಟ್ಟಿ ತುಂಬಿಸುವುದಕ್ಕೂ 'ರನ್' ಅನ್ನುವುದು, ಎಲ್ಲ ಒಂದೇ ಕುಟುಂಬ ಅಂತ ಕಾಣುತ್ತದೆ.

ಇನ್ನು ಕೆಲವು ಕಡೆ ಏನೂ ಚಲಿಸುವುದೇ ಇಲ್ಲ. ಬೇಲಿ ತೋಟದ ಸುತ್ತ ರನ್ ಆಗುತ್ತದೆ, ಗೋಡೆಯ ಬಿರುಕು ಸೂರಿನಿಂದ ನೆಲದವರೆಗೆ ರನ್ ಆಗುತ್ತದೆ. ಬಿರುಕು ಇದ್ದಲ್ಲೇ ಇದೆ, ಅದರ ಮೇಲಿಂದ ಕೆಳಕ್ಕೆ ಇಳಿಯುವುದು ನೋಡುವವರ ಕಣ್ಣು. ನಾವೂ ಹಾಗೇ ತಾನೇ? 'ರಸ್ತೆ ಹೊಳೆ ಪಕ್ಕದಲ್ಲೇ ಹೋಗುತ್ತೆ' ಅಂತೀವಿ. ರಸ್ತೆ ಎಲ್ಲಿಗೂ ಹೋಗುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಇಂಗ್ಲಿಷಿನವರು ಅಂಗಡಿ, ಶಾಲೆ, ಸರ್ಕಾರ ಎಲ್ಲವನ್ನೂ 'ರನ್' ಮಾಡುತ್ತಾರೆ, ಅಂದರೆ ಓಡಿಸುತ್ತಾರೆ. ನಾವು ಅಂಗಡಿ ನಡೆಸುತ್ತೇವೆ, ಶಾಲೆ ನಡೆಸುತ್ತೇವೆ, ಸರ್ಕಾರವನ್ನೂ ನಡೆಸುತ್ತೇವೆ. ಎರಡಕ್ಕೂ ಆಧಾರ ಕಾಲೇ. ವೇಗ ಮಾತ್ರ ಬೇರೆ! ಹಾಗಂತ ನಾವು ಯಾವಾಗಲೂ ನಡೆಯುವವರೇ ಅಂದುಕೊಳ್ಳಬೇಡ. ಬಸ್ಸು ಓಡುತ್ತದೆ, ಗೆದ್ದ ಸಿನಿಮಾ ಓಡುತ್ತದೆ, ದಣಿದಾಗ ತಲೆ ಓಡುವುದಿಲ್ಲ. ಚುನಾವಣೆಯ ವಿಷಯ ಇನ್ನೂ ಚೆಂದ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ 'ರನ್' ಆಗುತ್ತಾನೆ, ಬ್ರಿಟನ್ನಿನಲ್ಲಿ 'ಸ್ಟ್ಯಾಂಡ್' ಆಗುತ್ತಾನೆ. ನಾವೂ 'ಚುನಾವಣೆಗೆ ನಿಂತಿದ್ದಾನೆ' ಅಂತಲೇ ಹೇಳುವುದು. ಒಂದೇ ಭಾಷೆ ಆಡುವ ಎರಡು ದೇಶಗಳಲ್ಲಿ ಒಬ್ಬ ಓಡುತ್ತಾನೆ, ಒಬ್ಬ ನಿಲ್ಲುತ್ತಾನೆ, ಕೆಲಸ ಮಾತ್ರ ಅದೇ. ಇಂಥದ್ದನ್ನು ಗಮನಿಸುತ್ತಾ ಹೋದರೆ ಬಾಯಿಪಾಠ ಬೇಕಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಕ್ರಿಕೆಟ್ಟಿನ ರನ್ ನಿನಗೆ ಗೊತ್ತೇ ಇದೆ. ಚೆಂಡು ಗೆರೆ ದಾಟಿದರೆ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್ ಸಿಗುತ್ತದೆ, ಹೆಸರು ಮಾತ್ರ ಓಟದ್ದೇ.

ಒಂದು ಎಚ್ಚರ. ಕೇಳುವುದಕ್ಕೆ ಒಂದೇ ಥರ ಇರುವ ಪದಗಳೆಲ್ಲ ಹೀಗೆ ಒಂದೇ ಬೇರಿನವಲ್ಲ. ಆಡುವ 'ಬ್ಯಾಟ್', ಬಾವಲಿ ಎಂಬ 'ಬ್ಯಾಟ್' ಬೇರೆ ಬೇರೆ ಮೂಲದಿಂದ ಬಂದು ಒಂದೇ ರೂಪಕ್ಕೆ ಸೇರಿದವು. ಅಲ್ಲಿ ನಂಟು ಹುಡುಕಿ ಹೊತ್ತು ಕಳೆಯಬೇಡ.

ನಿಜವಾಗಿ ಕಷ್ಟ ಕೊಡುವುದು 'ರನ್' ಹಿಂದೆ ಅಂಟಿಕೊಳ್ಳುವ ಪುಟ್ಟ ಪದಗಳು. 'ಔಟ್' ಸೇರಿದರೆ ಸಕ್ಕರೆ ಮುಗಿಯಿತು, 'ಇಂಟು' ಸೇರಿದರೆ ಹಳೆಯ ಪರಿಚಯದವರು ಅಚಾನಕ್ಕಾಗಿ ಸಿಕ್ಕರು, 'ಓವರ್' ಸೇರಿದರೆ ಗಾಡಿ ಯಾರ ಮೇಲೋ ಹರಿಯಿತು. ನೋಡು, ಇಲ್ಲೂ ನಮ್ಮ 'ಹರಿ' ಬಂತು. ಇವನ್ನು ಬಿಡಿಯಾಗಿ ಬರೆದುಕೊಳ್ಳಬೇಡ, ಇಡೀ ವಾಕ್ಯವನ್ನೇ ಬರೆದುಕೋ. ಸಕ್ಕರೆಯ ಜೊತೆಯಲ್ಲಿ ಕಂಡ 'ರನ್ ಔಟ್' ಮರೆಯುವುದು ಕಷ್ಟ.

ಆಮೇಲೆ, ನೀನು ಕಳಿಸಿದ 'ದ ಕಲರ್ಸ್ ರ‍್ಯಾನ್ ಇನ್ ದ ವಾಶ್' ಅನ್ನುವ ವಾಕ್ಯ. ಅಲ್ಲಿ ಬಣ್ಣಗಳು ಎಲ್ಲಿಗೂ ಓಡಿಹೋಗಿಲ್ಲ. ಒಗೆದಾಗ ಬಟ್ಟೆ ಬಣ್ಣ ಬಿಟ್ಟಿತು, ಅಷ್ಟೇ. 'ಸೆಟ್' ಬಗ್ಗೆ ಬರೆಯುವಾಗಲೂ ಹೀಗೇ ಇಡೀ ವಾಕ್ಯ ಕಳಿಸು, ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ