ಮಗಳಿಗೊಂದು ಪತ್ರ: ಅಷ್ಟಮಿಗೆ ದೋಣಿ ಮನೆಗೆ ಬರುವ ಸೀಮೆ

ಪ್ರೀತಿಯ ಪುಟ್ಟಿ,

ಬಟ್ಟೆ, ಔಷಧಿ, ಚಟ್ನಿಪುಡಿ ಎಲ್ಲದರ ಪಟ್ಟಿ ಆಯಿತು. ಇನ್ನು ಉಳಿದದ್ದು ನೀನು ಹೋಗುತ್ತಿರುವ ಸೀಮೆಯ ವಿಚಾರ. ಜೊಲ್ಲಾನಮ್‌ಡೊ ಪ್ರಾಂತ್ಯದ ನಕ್ಷೆ ಬಿಡಿಸಿ ನೋಡು. ದಕ್ಷಿಣ ಕೊರಿಯಾದ ನೈರುತ್ಯ ಮೂಲೆಯಲ್ಲಿ ನೆಲ ಹರಿದ ಸೆರಗಿನ ಹಾಗೆ ಚಿಂದಿಚಿಂದಿಯಾಗಿ ಕಡಲಿಗೆ ಇಳಿದಿದೆ. ಹಿಮಯುಗ ಮುಗಿದು ಕಡಲ ಮಟ್ಟ ಏರಿದಾಗ ಕಣಿವೆಗಳು ಮುಳುಗಿ ಕೊಲ್ಲಿಗಳಾದವು, ಗುಡ್ಡದ ನೆತ್ತಿಗಳು ದ್ವೀಪಗಳಾದವು. ಇಡೀ ದೇಶದ ದ್ವೀಪಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಪ್ರಾಂತ್ಯದಲ್ಲೇ ಇವೆ, ಎರಡು ಸಾವಿರದಷ್ಟು. ಆದರೆ ನಕ್ಷೆಯಲ್ಲಿ ನೆಲಕ್ಕೂ ನೀರಿಗೂ ನಡುವೆ ಎಳೆದ ಗೆರೆಯನ್ನು ಪೂರ್ತಿ ನಂಬಬೇಡ. ಅದು ದಿನಕ್ಕೆ ಎರಡು ಸಲ ಜಾಗ ಬದಲಿಸುತ್ತದೆ. ಅಲ್ಲಿನ ಬಂದರು ಪಟ್ಟಣ ಮೊಕ್ಪೊಗೆ ಹೋದವರು ಬೀದಿಗಳ ಹೆಸರಿಗಿಂತ ಮೊದಲು ನೀರಿನ ವೇಳೆ ಕಲಿಯಬೇಕು.

ಹೆಸರಿನ ವಿಚಾರ ಬೇಗ ಹೇಳಿಬಿಡುತ್ತೇನೆ. ಗೊರ್ಯೊ ಅರಸರ ಕಾಲದಲ್ಲಿ, 1018ರಲ್ಲಿ, ಜೊಂಜು ಮತ್ತು ನಾಜು ಎಂಬ ಎರಡು ಪಟ್ಟಣಗಳ ಮೊದಲಕ್ಷರ ಸೇರಿಸಿ ಈ ಹೆಸರು ಕಟ್ಟಿದರು. ನಾಜುವಿನ ‘ನಾ’ ಪದದ ಮೊದಲಲ್ಲಿ ಬಂದರೆ ‘ನಾ’, ನಡುವೆ ಬಂದರೆ ‘ಲಾ’. ಹಾಗಾಗಿ ಜೊಂಜು, ನಾಜು ಸೇರಿ ಜೊಲ್ಲಾ. 1896ರಲ್ಲಿ ಉತ್ತರ, ದಕ್ಷಿಣ ಎಂದು ಎರಡಾಯಿತು. ‘ನಮ್’ ಎಂದರೆ ದಕ್ಷಿಣ. ಗ್ವಾಂಗ್ಜು ನಗರ 1986ರಲ್ಲಿ ಪ್ರಾಂತ್ಯದಿಂದ ಬೇರೆಯಾಯಿತು. ಆಮೇಲೂ ಪ್ರಾಂತ್ಯದ ಕಚೇರಿ ಅಲ್ಲೇ ಇದ್ದು, 2005ರಲ್ಲಿ ಮೊಕ್ಪೊ ಪಕ್ಕದ ಮುವಾನ್‌ಗೆ ಹೋಯಿತು. 1980ರ ಮೇ ತಿಂಗಳಲ್ಲಿ ಸೈನ್ಯದ ಆಡಳಿತದ ವಿರುದ್ಧ ಎದ್ದು ನಿಂತು ಗುಂಡಿಗೆ ಎದೆಯೊಡ್ಡಿದ ಊರು ಗ್ವಾಂಗ್ಜು. ಮೇ 18ರಂದು ನೀನು ಅಲ್ಲಿದ್ದರೆ ಸ್ಮಶಾನಕ್ಕೆ ಹೋಗಿ ಒಂದು ಹೂ ಇಟ್ಟು ಬಾ.

ಈಗ ನೀರಿಗೆ ಬರೋಣ. ಮಂಗಳೂರಿನ ಕಡಲು ನೋಡಿದ ಕಣ್ಣಿಗೆ ಅಲ್ಲಿನ ಉಬ್ಬರದ ಅಂದಾಜು ಸಿಗುವುದಿಲ್ಲ. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆಗೂ ಏರಿಳಿತ ಒಂದೂವರೆ ಮೀಟರ್ ಆಸುಪಾಸು. ಮೊಕ್ಪೊದಲ್ಲಿ ಅದು ಸುಮಾರು 4 ಮೀಟರ್. ತೀರ ಬಹುಮಟ್ಟಿಗೆ ಸಮತಟ್ಟು, ಹಾಗಾಗಿ ನೀರು ನಾಲ್ಕು ಮೀಟರ್ ಇಳಿದರೆ ಕಿಲೋಮೀಟರುಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಈ ಬಯಲಿಗೆ ಅವರು ‘ಗೆತ್‌ಬೊಲ್’ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಾಲ್ಕು ಕೊರಿಯನ್ ಕೆಸರು ಬಯಲುಗಳಲ್ಲಿ ಎರಡು, ಸಿನಾನ್ ಮತ್ತು ಬೊಸೊಂಗ್–ಸುಂಚೊನ್, ಈ ಪ್ರಾಂತ್ಯದವು.

ಉಬ್ಬರದ ಲೆಕ್ಕ ಚಾಂದ್ರಮಾನದ್ದು, ನಿನಗೆ ಅಜ್ಜಿಯ ಪಂಚಾಂಗ ನೆನಪಿದ್ದರೆ ಸಾಕು. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ಮರುದಿನ, ಮೂರನೆಯ ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅದು ‘ಸಾರಿ’. ಚಾಂದ್ರಮಾಸದ 8 ಮತ್ತು 23ನೇ ದಿನ, ಅಂದರೆ ಎರಡೂ ಪಕ್ಷದ ಅಷ್ಟಮಿಯ ಹೊತ್ತಿಗೆ, ಏರಿಳಿತ ಅತಿ ಕಡಿಮೆ. ಅದು ‘ಜೊಗುಮ್’. ಹರಿವು ಸತ್ತ ದಿನಗಳಲ್ಲಿ ಬಲೆಗೆ ಮೀನು ಬೀಳುವುದಿಲ್ಲವಾದ್ದರಿಂದ ದೋಣಿಗಳು ಮನೆಗೆ ಬರುತ್ತಿದ್ದವು. ಮೊಕ್ಪೊದ ಹಳೆಯ ಬೆಸ್ತರ ಕೇರಿಯಲ್ಲಿ ಎಷ್ಟೋ ಮಕ್ಕಳ ಹುಟ್ಟುಹಬ್ಬ ಹತ್ತಿರಹತ್ತಿರ ಬರುತ್ತಿದ್ದುದಕ್ಕೆ ಇದೇ ಕಾರಣ. ಅಂಥವರನ್ನು ಊರವರು ‘ಜೊಗುಮ್ ಮರಿಗಳು’ ಎಂದು ಕರೆಯುತ್ತಿದ್ದರು. ಒಂದೇ ಬಿರುಗಾಳಿಗೆ ಸಿಕ್ಕ ದೋಣಿಯ ಗಂಡಸರ ಶ್ರಾದ್ಧವೂ ಒಂದೇ ದಿನ ಬರುತ್ತಿತ್ತು ಎನ್ನುವುದನ್ನೂ ಮರೆಯಬಾರದು.

ಹೀಗಾಗಿ ಕೆಸರಿಗೆ ಇಳಿಯುವ ಮುಂಚೆ ಆ ದಿನದ ಇಳಿತ ಎಷ್ಟು ಹೊತ್ತಿಗೆ ಎಂದು ನೋಡು. ಇವತ್ತಿನ ವೇಳೆ ನಾಳೆಗೆ ನಡೆಯದು, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಳಿತಕ್ಕೆ ಎರಡು ತಾಸು ಇದೆ ಎನ್ನುವಾಗ ಇಳಿದು, ನೀರು ತಿರುಗುವ ಮುಂಚೆಯೇ ದಡದ ಕಡೆ ಮುಖ ಮಾಡಬೇಕು. ಬಂದವರು ಮೋಸ ಹೋಗುವುದು ಒಂದೇ ಕಡೆ. ಏರುವ ನೀರು ಎದುರಿನಿಂದ ಅಲೆಯಾಗಿ ಬರುತ್ತದೆ ಎಂದು ಕಾಯುತ್ತಾರೆ. ಅದು ಹಾಗೆ ಬರುವುದಿಲ್ಲ. ಕೆಸರಿನೊಳಗೆ ಹಾವಿನಂತೆ ಕೊರೆದ ಕಾಲುವೆಗಳಿರುತ್ತವೆ, ನೀರು ಮೊದಲು ಅವುಗಳಲ್ಲಿ ಸದ್ದಿಲ್ಲದೆ ತುಂಬುತ್ತದೆ. ನೀನು ದಾಟಿ ಬಂದ ಮೊಣಕಾಲು ಮಟ್ಟದ ಕಾಲುವೆ ಬೆನ್ನ ಹಿಂದೆ ಎದೆಮಟ್ಟ ಆಗಿರುತ್ತದೆ. ಮಂಜು ಕವಿದರೆ ದಡ ಯಾವ ಕಡೆ ಎಂಬುದೂ ತಿಳಿಯದು. ಕಾಲು ಹೂತರೆ ನೇರ ಮೇಲೆ ಎಳೆಯಬೇಡ, ಹಿಂದಕ್ಕೆ ಒರಗಿ ಮೈಭಾರ ಹರಡಿ, ಪಾದವನ್ನು ಅತ್ತಿತ್ತ ಅಲುಗಿಸಿ ಬಿಡಿಸಿಕೊಳ್ಳಬೇಕು.

ಬೊಸೊಂಗ್ ಕಡೆಯ ಬೊಲ್ಗ್ಯೊ ಎಂಬಲ್ಲಿನ ಹೆಂಗಸರು ಆ ಕೆಸರಿನ ಮೇಲೆ ಹೇಗೆ ಓಡಾಡುತ್ತಾರೆ ನೋಡು. ಎರಡು ಮೀಟರಿಗೂ ಉದ್ದದ, ಮೂತಿ ಮೇಲಕ್ಕೆ ಬಾಗಿದ ಹಲಗೆ. ಅದರ ಮೇಲೆ ಒಂದು ಮೊಣಕಾಲು ಊರಿ, ಮುಂದೆ ಇಟ್ಟ ಬುಟ್ಟಿಗೆ ಎದೆ ಕೊಟ್ಟು, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದೆಯುತ್ತಾ ಜಾರುತ್ತಾರೆ. ಚಳಿಗಾಲವೇ ಸುಗ್ಗಿ. ಅವರು ಹೆಕ್ಕುವುದು ‘ಕ್ಕೊಮಾಕ್’, ಗೆರೆಗೆರೆ ಚಿಪ್ಪಿನ, ನಮ್ಮ ಬಳಚಿನಂಥ ಜೀವಿ. ಬೇಯಿಸುವಾಗ ನೀರು ಕೊತಕೊತ ಕುದಿಸಿದರೆ ಮಾಂಸ ರಬ್ಬರಾಗುತ್ತದೆ. ಕುದಿ ಬರುವ ಮುಂಚೆ ಹಾಕಿ, ಒಂದೇ ದಿಕ್ಕಿಗೆ ತಿರುವುತ್ತಾ, ಒಂದೆರಡು ಬಾಯಿ ಬಿಟ್ಟೊಡನೆ ಇಳಿಸಬೇಕು.

ನೀರು ಇತಿಹಾಸವನ್ನೂ ತಿರುಗಿಸಿದ ಜಾಗ ಹೆನಾಮ್ ಮತ್ತು ಜಿಂಡೊ ದ್ವೀಪದ ನಡುವಿನ ಉಲ್ದೊಲ್ಮೊಕ್ ಕಂಡಿ. ಅತಿ ಕಿರಿದಾದಲ್ಲಿ ಸುಮಾರು 300 ಮೀಟರ್ ಅಗಲ, ಹರಿವು ತಾಸಿಗೆ 20 ಕಿಲೋಮೀಟರ್ ಸಮೀಪ. ನೀರು ಮೊರೆಯುವುದರಿಂದಲೇ ಆ ಹೆಸರು. 1597ರಲ್ಲಿ, ಜಪಾನ್ ದಂಡೆತ್ತಿ ಬಂದಿದ್ದಾಗ, ಕೊರಿಯಾದ ನೌಕಾಪಡೆ ಹೆಚ್ಚುಕಡಿಮೆ ನಾಶವಾದ ಮೇಲೆ ಸೇನಾನಿ ಯಿ ಸುನ್‌ಶಿನ್ ಕೈಯಲ್ಲಿ ಉಳಿದದ್ದು 13 ಹಡಗು. ಎದುರಿಗೆ ಬಂದವು ಅವರ ದಿನಚರಿಯ ಪ್ರಕಾರವೇ 133 ಜಪಾನಿ ಹಡಗು. ಕಾಳಗ ನಡೆದದ್ದು ಚಾಂದ್ರಮಾನದ ಒಂಬತ್ತನೇ ತಿಂಗಳ 16ರಂದು. ಹುಣ್ಣಿಮೆಯ ಮರುದಿನ, ಕಂಡಿಯಲ್ಲಿ ನೀರಿಗೆ ಪೂರ್ತಿ ಬಲ ಇರುವ ಹೊತ್ತು. ಉಬ್ಬರದ ಜೊತೆ ಬಂದ ಶತ್ರುಗಳು ಕಿರಿದಾದ ಜಾಗದಲ್ಲಿ ಒಟ್ಟಿಗೆ ಮೇಲೆ ಬೀಳಲಾಗದೆ ಸಾಲಾದರು, ಹರಿವು ತಿರುಗಿದಾಗ ಒಬ್ಬರ ಮೇಲೊಬ್ಬರು ತಳ್ಳಲ್ಪಟ್ಟರು. ಕೊರಿಯಾದ ಹಡಗುಗಳ ತಳ ಚಪ್ಪಟೆ. ಇಳಿತದಲ್ಲಿ ಕೆಸರಿನ ಮೇಲೆ ವಾಲದೆ ಕೂರಲೆಂದು ಮಾಡಿದ ತಳ ಅದು. ಕಾಳಗದಲ್ಲಿ ನಿಂತಲ್ಲೇ ಗಿರಕಿ ಹೊಡೆಯಲು ಅದೇ ನೆರವಾಯಿತು. ಅಲ್ಲಿ ಯಾರಾದರೂ ಕಂಡಿಗೆ ಅಡ್ಡ ಕಬ್ಬಿಣದ ಸರಪಳಿ ಕಟ್ಟಿ ಹಡಗು ಮುಳುಗಿಸಿದರು ಎಂದು ಹೇಳಿದರೆ ಕೇಳಿಸಿಕೋ, ಆದರೆ ಸೇನಾನಿಯ ದಿನಚರಿಯಲ್ಲಿ ಈ ಕಾಳಗದ ವಿವರದಲ್ಲಿ ಸರಪಳಿಯ ಮಾತೇ ಇಲ್ಲ. ಅದು ಜನ ಆಮೇಲೆ ಸೇರಿಸಿದ್ದು.

ಅದೇ ಜಿಂಡೊ ದ್ವೀಪದ ಆಚೆ, ಬಲವಾದ ಹರಿವಿನ ಇನ್ನೊಂದು ಹಾದಿಯ ಬಳಿ, 2014ರ ಏಪ್ರಿಲ್ 16ರಂದು ಸೆವೊಲ್ ಹಡಗು ಮಗುಚಿ 304 ಜನ ಹೋದರು. ಅದರಲ್ಲಿ 250 ಮಂದಿ ಶಾಲಾ ಪ್ರವಾಸಕ್ಕೆ ಹೊರಟ ಮಕ್ಕಳು. ಅದನ್ನು ಕಡಲಿನ ಮೇಲೆ ಹೊರಿಸಬಾರದು. ಮಿತಿ ಮೀರಿ ಸರಕು ಹೇರಿದ್ದರು, ಹಡಗು ವಾಲದಿರಲೆಂದು ತಳದಲ್ಲಿ ತುಂಬುವ ತೂಕದ ನೀರು ಕಡಿಮೆ ಮಾಡಿದ್ದರು, ಇದ್ದಲ್ಲೇ ಇರಿ ಎಂದು ಮಕ್ಕಳಿಗೆ ಹೇಳಿ ನಾಯಕ ತಾನು ಇಳಿದು ಹೋದ. 2017ರಲ್ಲಿ ಮೇಲೆತ್ತಿದ ಹಡಗನ್ನು ಮೊಕ್ಪೊ ಹೊಸ ಬಂದರಿಗೆ ತಂದರು. ನೀನು ಯಾವ ದೋಣಿ ಹತ್ತಿದರೂ ಕೂರುವ ಮುಂಚೆ ಜೀವರಕ್ಷಕ ಕವಚ ಎಲ್ಲಿದೆ, ಮೇಲ್ಮಹಡಿಗೆ ಮೆಟ್ಟಿಲು ಯಾವ ಕಡೆ ಎಂದು ನೋಡಿಕೋ. ಇದೊಂದು ಮಾತು ಮೀರಬೇಡ.

ಉಪ್ಪಿನ ವಿಚಾರ ಸ್ವಲ್ಪ ಉದ್ದ, ಓದು. ಹಿಂದೆ ಕೊರಿಯಾದಲ್ಲಿ ಸಮುದ್ರದ ನೀರನ್ನು ಮಡಕೆ, ಕಡಾಯಿಗಳಲ್ಲಿ ಕುದಿಸಿಯೇ ಉಪ್ಪು ಮಾಡುತ್ತಿದ್ದರು. ಬಿಸಿಲಿಗೆ ಒಣಗಿಸುವ ಆಗರ ಬಂದದ್ದು 1907ರಲ್ಲಿ, ಇಂಚೊನ್ ಬಳಿ. ಸಿನಾನ್‌ನ ಜುಂಗ್‌ಡೊ ದ್ವೀಪದ ದೊಡ್ಡ ಆಗರ 1953ರದು, ಯುದ್ಧದಿಂದ ನೆಲೆ ತಪ್ಪಿದವರಿಗೆ ಕೆಲಸ ಕೊಡಲೆಂದು ಎರಡು ದ್ವೀಪಗಳ ನಡುವಿನ ಕೆಸರಿಗೆ ಒಡ್ಡು ಹಾಕಿ ಮಾಡಿದ್ದು.

ಸಾರಿಯ ದೊಡ್ಡ ಉಬ್ಬರಕ್ಕೆ ತೂಬು ತೆರೆದು ಕೆರೆಯಂಥ ಕಟ್ಟೆಗೆ ನೀರು ತುಂಬಿಸುತ್ತಾರೆ, ಅಲ್ಲಿ ಮಣ್ಣು ತಳ ಸೇರುತ್ತದೆ. ಆಮೇಲೆ ಒಂದಕ್ಕಿಂತ ಒಂದು ತುಸು ತಗ್ಗಿನ ಆವಿಗದ್ದೆಗಳ ಸಾಲು. ನೀರು ಒಂದರಿಂದ ಒಂದಕ್ಕೆ ತಾನೇ ಹರಿದು ದಿನದಿನಕ್ಕೂ ಗಟ್ಟಿಯಾಗುತ್ತದೆ. ಶೇಕಡ 3ರ ಉಪ್ಪಿನಂಶ 25 ಸಮೀಪಿಸಲು ಒಳ್ಳೆಯ ಬಿಸಿಲಿದ್ದರೂ ಸುಮಾರು ಮೂರು ವಾರ ಬೇಕು. ಕೊನೆಯ ಕಪ್ಪು ತಳದ ಗದ್ದೆಯಲ್ಲಿ ಮಾತ್ರ ಹರಳು ಕಟ್ಟುವುದು. ಮೊದಲು ನೀರಿನ ಮೇಲ್ಮೈಯಲ್ಲಿ ಹೂವಿನಂತೆ ತೇಲುತ್ತದೆ, ತೂಕ ಕೂಡಿದ ಹಾಗೆ ಮುಳುಗುತ್ತದೆ. ಕೆಲಸದವರು ‘ಉಪ್ಪು ಮಾಡಿದೆವು’ ಎನ್ನುವುದಿಲ್ಲ, ‘ಉಪ್ಪು ಬಂತು’ ಎನ್ನುತ್ತಾರೆ. ನಮ್ಮಲ್ಲಿ ಮಳೆ ಬಂತು, ಬೆಳೆ ಬಂತು ಎನ್ನುವ ಹಾಗೆಯೇ. ಸಂಜೆ ಅಗಲವಾದ ಮರದ ಹಲಗೆಗೆ ಕೋಲು ಸಿಕ್ಕಿಸಿ ತಳ್ಳಿ ರಾಶಿ ಮಾಡುತ್ತಾರೆ.

ಎಲ್ಲ ಕೆಡಿಸುವುದು ಮಳೆ. ಗದ್ದೆಗಳ ನಡುವೆ ನೆಲಕ್ಕೆ ತಾಗಿದಂತೆ ಕಾಣುವ ತಗ್ಗು ಮಾಡುಗಳು ಇರುತ್ತವೆ, ಅವು ಮನೆಗಳಲ್ಲ, ‘ಹೆಜು’ ಎಂಬ ಗುಂಡಿಗಳು. ಮೋಡ ಕಟ್ಟಿತೆಂದರೆ ಗಟ್ಟಿ ನೀರನ್ನೆಲ್ಲ ಅವುಗಳೊಳಗೆ ಇಳಿಸಬೇಕು. ರಾತ್ರಿ ಹನ್ನೆರಡಾದರೂ ಏಳಬೇಕು. ಅರ್ಧ ತಾಸು ತಡವಾದರೆ ವಾರಗಳ ಬಿಸಿಲು ನೀರುಪಾಲು. ಇನ್ನೊಂದು ತಪ್ಪು, ಹರಳು ಬಂದ ಮೇಲೂ ಅದೇ ನೀರನ್ನು ಬಹಳ ದಿನ ಉಳಿಸಿಕೊಳ್ಳುವುದು. ಆಗ ಮೆಗ್ನೀಷಿಯಂ ಲವಣ ಹೆಚ್ಚಾಗಿ ಉಪ್ಪು ಕಹಿಯಾಗುತ್ತದೆ. ಹೊಸ ಉಪ್ಪನ್ನು ಉಗ್ರಾಣದಲ್ಲಿ ವರ್ಷಗಟ್ಟಲೆ ಇಟ್ಟು ಆ ಕಹಿನೀರು ಸೋರಲು ಬಿಡುವುದೂ ಇದಕ್ಕೇ. ಸೋರಿದ್ದು ವ್ಯರ್ಥವಲ್ಲ, ಸೋಯಾ ಹಾಲು ಒಡೆಸಿ ತೋಫು ಮಾಡಲು ಅದೇ ಬೇಕು.

ನೀನು ಕೊಳ್ಳುವಾಗ ಒಂದು ಹಿಡಿ ಉಪ್ಪು ಮುಷ್ಟಿಯಲ್ಲಿ ಹಿಂಡಿ ಬಿಡು. ಕೈಗೆ ಅಂಟಿದರೆ ಹೊಸದು, ಉದುರಿದರೆ ಹಳೆಯದು. ಕಿಮ್ಚಿಗೆ 10 ಕಿಲೋ ಎಲೆಕೋಸಿಗೆ ಸುಮಾರು 1 ಕಿಲೋ ಕಲ್ಲುಪ್ಪು. ಅರ್ಧ ನೀರಿಗೆ ಕರಗಿಸು, ಅರ್ಧ ದಂಟಿನ ಬುಡಕ್ಕೆ ಉದುರಿಸು, ನಡುವೆ ಒಮ್ಮೆ ತಿರುವಿ ಎಂಟು-ಹತ್ತು ತಾಸು ಬಿಡು. ದಂಟು ಮಡಚಿದರೆ ಪಟ್ಟೆಂದು ಮುರಿಯದೆ ಬಾಗಬೇಕು. ಮೂರು ಸಲ ತೊಳೆ. ಅಳತೆ ಅದೇ ಎಂದು ಪುಡಿಯುಪ್ಪು ಹಾಕಬೇಡ, ಅದರಲ್ಲಿ ತೇವವೂ ಬೇರೆ ಲವಣವೂ ಕಡಿಮೆ, ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತದೆ.

ಉಪ್ಪಿನ ಈ ಚೆಲುವನ್ನಷ್ಟೇ ಹೇಳಿ ನಿಲ್ಲಿಸಿದರೆ ಸುಳ್ಳಾದೀತು. 2014ರಲ್ಲಿ ಸಿನಾನ್‌ನ ದ್ವೀಪದ ಆಗರಗಳಲ್ಲಿ ಅಂಗವಿಕಲರನ್ನು, ಬುದ್ಧಿಮಾಂದ್ಯರನ್ನು ಕೂಲಿಯಿಲ್ಲದೆ ವರ್ಷಗಟ್ಟಲೆ ದುಡಿಸಿಕೊಂಡದ್ದು ಬಯಲಿಗೆ ಬಂತು. ಒಬ್ಬರು ಮನೆಗೆ ಕಾಗದ ಬರೆದು ಬಿಡಿಸಿಕೊಂಡರು. ದೋಣಿಯಿಲ್ಲದೆ ಹೊರಬರಲಾಗದ ದ್ವೀಪ ಯಾರಿಗೆ ಸೆರೆಮನೆಯಾಗುತ್ತದೆ ಎಂಬುದು ಅಲ್ಲಿ ಹಳೆಯ ಪ್ರಶ್ನೆ. ಜೊಸೊನ್ ಅರಸರ ಕಾಲದಲ್ಲಿ ಬೇಡವಾದವರನ್ನು ಗಡಿಪಾರು ಮಾಡುತ್ತಿದ್ದುದೂ ಇಲ್ಲಿಗೇ. 1801ರಲ್ಲಿ ಕ್ರೈಸ್ತರ ಮೇಲಿನ ದಮನದಲ್ಲಿ ಇಬ್ಬರು ಅಣ್ಣತಮ್ಮಂದಿರು ಸಿಕ್ಕಿಬಿದ್ದರು. ತಮ್ಮ ಜೊಂಗ್ ಯಾಕ್‌ಯೊಂಗ್ ಗಾಂಗ್ಜಿನ್‌ನಲ್ಲಿ 1818ರವರೆಗೆ ಇದ್ದು ಆಡಳಿತದ ಮೇಲೆ ಬರೆದರು. ಅಣ್ಣ ಜೊಂಗ್ ಯಾಕ್‌ಜೊನ್ ದೂರದ ಹುಕ್ಸಾನ್‌ಡೊದಲ್ಲಿ ಊರಿನ ಯುವಕನೊಬ್ಬನ ಕಡಲ ತಿಳಿವಳಿಕೆ ಕೇಳಿ ಕೇಳಿ, 200ಕ್ಕೂ ಹೆಚ್ಚು ಕಡಲಜೀವಿಗಳ ವಿವರ 1814ರಲ್ಲಿ ಬರೆದು ಮುಗಿಸಿದರು. ಅಣ್ಣ ಊರಿಗೆ ಮರಳಲೇ ಇಲ್ಲ, 1816ರಲ್ಲಿ ಗಡಿಪಾರಿನಲ್ಲೇ ತೀರಿಕೊಂಡರು.

ಆ ಹುಕ್ಸಾನ್‌ಡೊದ್ದೇ ‘ಹೊಂಗೊ’, ತೊರಕೆಯ ಬಳಗದ ಮೀನು. ಹಾಯಿದೋಣಿ ಯೊಂಗ್ಸಾನ್ ನದಿ ಹತ್ತಿ ನಾಜು ಮುಟ್ಟುವಷ್ಟರಲ್ಲಿ ಬೇರೆ ಮೀನು ಕೊಳೆಯುತ್ತಿದ್ದರೆ ಇದು ಹುದುಗುತ್ತಿತ್ತು. ಅದರ ಮೈಯಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲಿ ಬದುಕವು. 1981ರಲ್ಲಿ ಅಳಿವೆಗೆ ಅಣೆಕಟ್ಟು ಮುಗಿದ ಮೇಲೆ ಕಡಲ ದೋಣಿ ನಾಜುವಿಗೆ ಹೋಗುವುದು ಮುಗಿಯಿತು, ಹೊಂಗೊ ಅಂಗಡಿಗಳ ಬೀದಿ ಮಾತ್ರ ಅಲ್ಲೇ ಇದೆ. ಬೇಯಿಸಿದ ಹಂದಿಮಾಂಸ, ಹಳೆಯ ಕಿಮ್ಚಿಯ ಜೊತೆ ಒಂದೇ ತುತ್ತಾಗಿ ಕೊಡುತ್ತಾರೆ. ನೀನು ತಿನ್ನುವವಳಾದರೆ ಚಿಕ್ಕ ತುಂಡು ತೆಗೆದುಕೋ, ಮೂಗಿನಿಂದ ಉಸಿರು ಒಳಗೆ ಎಳೆಯಬೇಡ, ಹೊರಗೆ ಬಿಡು. ಬೇಡವೆನಿಸಿದರೆ ಬೇಡ ಎನ್ನು, ಕೊರಿಯಾದಲ್ಲೇ ಎಷ್ಟೋ ಜನ ಅದನ್ನು ಮುಟ್ಟುವುದಿಲ್ಲ.

ಹುಕ್ಸಾನ್‌ಡೊಗೆ ಮೊಕ್ಪೊದಿಂದ ವೇಗದ ದೋಣಿಯಲ್ಲಿ ಸುಮಾರು ಎರಡು ತಾಸು. ಟಿಕೆಟ್ಟಿಗೆ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಒಯ್ಯಿ. ವಸಂತದಲ್ಲಿ ಮಂಜಿಗೆ, ಚಳಿಗಾಲದಲ್ಲಿ ಗಾಳಿಗೆ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ಸೋಮವಾರ ಪರೀಕ್ಷೆ ಇರುವ ವಾರ ಹೋಗಬೇಡ. ವಾಕರಿಕೆಯ ಮಾತ್ರೆ ನೀಲಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಹತ್ತುವ ಅರ್ಧ ತಾಸು ಮುಂಚೆ ನುಂಗು.

ಇಂತಿ,
ನಿನ್ನ ಅಮ್ಮ