ಒಂಬತ್ತು ಮರದ ಲೆಕ್ಕ

ಮಾಟುಂಗಾ, ಮುಂಬೈ
ಭಾನುವಾರ

ಅಪ್ಪ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಬಂದು ತಲುಪಿದವು. ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಒಗೆದ ಬಟ್ಟೆ ಒಣಗುತ್ತಿಲ್ಲ.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ಮನಸ್ಸಿನಲ್ಲೇ ಉಳಿದಿದೆ. "ನಿಮ್ಮ ಮಾವ ನೆಟ್‌ನಲ್ಲಿ ನೋಡಿದನಂತೆ. ನಿನ್ನ ನಂಬರು ಒಂಬತ್ತಂತೆ, ಅಮೆರಿಕದಲ್ಲಿರೋ ಅವನ ಸ್ನೇಹಿತನದು ಮೂವತ್ತೆಂಟಂತೆ. ಯಾಕಮ್ಮ, ಕೆಲಸ ಸರಿ ಹೋಗ್ತಿಲ್ವಾ?" ಅಂದಿರಿ. ಲ್ಯಾಬಿನಲ್ಲಿ ಪಕ್ಕದಲ್ಲೇ ಹುಡುಗರಿದ್ದರು. ಸುಮ್ನೆ "ಚೆನ್ನಾಗೇ ಇದೆ" ಅಂದುಬಿಟ್ಟೆ. ಅಷ್ಟಕ್ಕೆ ನಿಮಗೆ ಸಮಾಧಾನ ಆಗಿರಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ನಂಬರಿಗೆ ಎಚ್-ಇಂಡೆಕ್ಸ್ ಅಂತಾರೆ. ಕ್ಯಾಲಿಫೋರ್ನಿಯಾದ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಹಾಕಿಕೊಟ್ಟ ಲೆಕ್ಕ. ನಮ್ಮ ತೋಟದ ಮಾತಿನಲ್ಲೇ ಹೇಳುತ್ತೇನೆ. ನಾವು ಬರೆದು ಅಚ್ಚಾದ ಸಂಶೋಧನಾ ಲೇಖನಕ್ಕೆ ಪೇಪರ್ ಅಂತೀವಿ. ಒಂದೊಂದು ಪೇಪರ್ ಒಂದೊಂದು ತೆಂಗಿನ ಮರ ಅಂದುಕೊಳ್ಳಿ. ಬೇರೆಯವರು ತಮ್ಮ ಪೇಪರಿನಲ್ಲಿ ನಮ್ಮದರ ಹೆಸರು ಹೇಳಿದರೆ ಅದು ಒಂದು ಕಾಯಿ. ಅದೇ ಸೈಟೇಶನ್. ಒಂಬತ್ತು ಮರ ಇದ್ದು, ಒಂದೊಂದರಲ್ಲೂ ಕನಿಷ್ಠ ಒಂಬತ್ತು ಕಾಯಿ ಇದ್ದರೆ ನಂಬರು ಒಂಬತ್ತು. ಹತ್ತಾಗಬೇಕಾದರೆ ಹತ್ತು ಮರ, ಪ್ರತಿ ಮರದಲ್ಲೂ ಹತ್ತು ಕಾಯಿ. ಒಂದೇ ಮರ ಸಾವಿರ ಕಾಯಿ ಬಿಟ್ಟರೂ ಲೆಕ್ಕ ಏರಲ್ಲ. ಈ ಕಾಯಿ ಉದುರುವುದೂ ಇಲ್ಲ, ವರ್ಷ ಕಳೆದಷ್ಟೂ ಕೂಡುತ್ತಾ ಹೋಗುತ್ತದೆ. ಮಾವನ ಸ್ನೇಹಿತರು ಇಪ್ಪತ್ತೈದು ವರ್ಷದಿಂದ ಬರೆಯುತ್ತಿದ್ದಾರೆ. ಮನುಷ್ಯರ ಮೆದುಳಿನ ಸ್ಕ್ಯಾನ್ ಮಾಡುವ ಕೆಲಸ ಅವರದು. ಅಲ್ಲಿ ಜನ ಜಾಸ್ತಿ, ಪೇಪರೂ ಜಾಸ್ತಿ. ನನ್ನ ಹಾಗೆ ನೊಣದ ಮೆದುಳು ನೋಡುವವರು ಕಡಿಮೆ.

ಆದರೆ ನಿಜವಾಗಿ ಹೇಳಬೇಕಾದ್ದು ಇದಲ್ಲ. ಅಟ್ಟದ ಮೇಲಿನ ಕಾಯನ್ನು ನೀವು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಲ್ಲ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯಾ ಅಂತ? ಸೈಟೇಶನ್ನನ್ನೂ ಹಾಗೆ ಅಲ್ಲಾಡಿಸಿ ನೋಡಬೇಕು.

ನನ್ನ ಒಂದು ಪೇಪರಿಗೆ ನೂರ ಹನ್ನೆರಡು ಬಂದಿವೆ. ನೊಣ ಅಲ್ಲಾಡದ ಹಾಗೆ ಸೂಕ್ಷ್ಮದರ್ಶಕದ ಕೆಳಗೆ ಹಿಡಿಯುವ ಸಣ್ಣ ಉಪಾಯ ಅದು. "ಇವರ ಹಾಗೇ ಮಾಡಿದೆವು" ಅಂತ ಒಂದು ಸಾಲು ಬರೆದು ಎಲ್ಲರೂ ಮುಂದೆ ಹೋಗುತ್ತಾರೆ. ತಪ್ಪೇನಿಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಸೈಟೇಶನ್ ಪಡೆದ ಪೇಪರ್, 1951ರ ಲೌರಿ ಅವರದು, ಅದೂ ಪ್ರೋಟೀನ್ ಅಳೆಯುವ ವಿಧಾನವೇ. ಮೂರು ಲಕ್ಷ ದಾಟಿದೆ.

ಇನ್ನೊಂದಕ್ಕೆ ಬಂದಿರುವುದು ನಾಲ್ಕೇ ನಾಲ್ಕು. ನನಗೆ ಪ್ರಾಣ ಅದು. ಒಂದು ವಾಸನೆ ತೋರಿಸಿ ನೊಣಕ್ಕೆ ಸಣ್ಣ ಶಾಕ್ ಕೊಟ್ಟರೆ, ಆಮೇಲೆ ಆ ವಾಸನೆ ಬಂದ ಕಡೆ ಹೋಗಲ್ಲ. ಅದರ ಗಸಗಸೆ ಕಾಳಿನಷ್ಟು ಮೆದುಳಿನಲ್ಲಿ ಆ ನೆನಪು ಎಷ್ಟು ಹೊತ್ತು ಇರುತ್ತದೆ ಅಂತ ಬರೆದಿದ್ದೆ. ಹೊರದೇಶದ ಒಂದು ಲ್ಯಾಬಿನವರು ಎಂಟು ತಿಂಗಳು ಕೂತು ಅದನ್ನೆಲ್ಲ ಮತ್ತೆ ಮಾಡಿದರು. ನೆನಪು ಉಳಿಯಿತು, ಆದರೆ ನಾನು ಹೇಳಿದ್ದರ ಅರ್ಧ ಹೊತ್ತು. ಅದನ್ನೇ ಪೇಪರಿನಲ್ಲಿ ಬರೆದರು. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಳೇ ನೋಟ್‌ಬುಕ್ ತೆಗೆದೆ. ಪ್ರತಿ ಪುಟದ ಅಂಚಿನಲ್ಲಿ ಕೋಣೆಯ ಗಾಳಿಯ ತೇವ ಬರೆದಿಟ್ಟಿದ್ದೆ: ಶೇಕಡಾ 84, 88, 86. ತಾರೀಖು ನೋಡಿದರೆ ಎಲ್ಲ ಜೂನ್‌ನಿಂದ ಆಗಸ್ಟ್. ಮುಂಬೈ ಮಳೆಗಾಲ! ನೊಣದ ಮೀಸೆಯಲ್ಲಿ ವಾಸನೆ ಹಿಡಿಯುವ ಭಾಗದ ಜೊತೆಗೇ ತೇವ ಹಿಡಿಯುವ ಭಾಗವೂ ಇದೆ. ಎರಡೂ ಸೇರಿ ನೆನಪನ್ನು ಗಟ್ಟಿ ಮಾಡುತ್ತವಾ? ಈಗ ನಾವೂ ಅವರೂ ಸೇರಿ ಅದನ್ನೇ ನೋಡುತ್ತಿದ್ದೇವೆ. ಅಪ್ಪ, ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ಯಾರೂ ಓದಿರಲಿಲ್ಲ. ಲೆಕ್ಕದಲ್ಲಿ ಮಾತ್ರ ಅದು ಒಂದೇ ಕಾಯಿ.

ಹೋದ ತಿಂಗಳು ಒಂದು ಸಂಸ್ಥೆಯಲ್ಲಿ ಸಂದರ್ಶನ ಇತ್ತು. ಎಚ್-ಇಂಡೆಕ್ಸ್ ಎಷ್ಟು, ಪೇಪರ್ ಯಾವ ಪತ್ರಿಕೆಯಲ್ಲಿ ಬಂತು ಅಂತ ಕೇಳಿದರು. ಒಳಗೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ತುಂಬಾ ನೋವಾಯಿತು. ನಿಮಗೆ ಹೇಳಿರಲಿಲ್ಲ.

ಹೊರಗೆ ಬಂದಾಗ ನೆನಪಾದವರು ಒಬೈದ್ ಸಿದ್ದಿಕಿ ಮತ್ತು ಅವರ ಶಿಷ್ಯೆ ವೆರೋನಿಕಾ ರೋಡ್ರಿಗ್ಸ್. ಇದೇ ಊರಿನ ಕೊಲಾಬಾದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ವಾಸನೆ ರುಚಿ ಸರಿಯಾಗಿ ಗೊತ್ತಾಗದ ನೊಣಗಳನ್ನು ಹುಡುಕಿ ತೆಗೆದವರು. 1978ರಲ್ಲಿ ಆ ಕೆಲಸದ ಪೇಪರ್ ಕೊಟ್ಟಿದ್ದು ನಮ್ಮ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗೆ, ಹೊರದೇಶದ್ದಕ್ಕಲ್ಲ. ನೊಣದಲ್ಲಿ ವಾಸನೆ ಹಿಡಿಯುವ ಜೀನ್‌ಗಳು ಸಿಕ್ಕಿದ್ದು 1999ರಲ್ಲಿ, 21 ವರ್ಷ ಆದಮೇಲೆ. ಸಿದ್ದಿಕಿ ಅಷ್ಟರಲ್ಲಿ ಬೆಂಗಳೂರಿಗೆ ಬಂದು ಎನ್‌ಸಿಬಿಎಸ್ ಎಂಬ ಜೀವವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದ್ದರು. ವಾಸನೆಯ ಕೆಲಸ ಮಾಡುವ ನಾವೆಲ್ಲ ಇಂದಿಗೂ ಅವರ ದಾರಿಯಲ್ಲೇ ನಡೆಯುತ್ತಿದ್ದೇವೆ.

ಮಾವನಿಗೂ ಇದನ್ನು ಓದಿ ಹೇಳಿ. ಅವರ ಮೇಲೆ ನನಗೆ ಬೇಜಾರಿಲ್ಲ, ನನ್ನ ಹೆಸರು ಹುಡುಕಿ ನೋಡಿದರಲ್ಲ.

ಗೌರಿ ಹಬ್ಬಕ್ಕೆ ಬರುತ್ತೇನೆ. ಆ ಲ್ಯಾಬಿನವರು ಬರೆದ ಪೇಪರ್ ಪ್ರಿಂಟ್ ಹಾಕಿಸಿ ತರುತ್ತೇನೆ. ಜಗಲಿ ಮೇಲೆ ಕೂತು ಒಂದೊಂದು ಸಾಲೂ ಕನ್ನಡದಲ್ಲಿ ಹೇಳುತ್ತೇನೆ. ಅಟ್ಟದ ಕಾಯಿ ಅಲ್ಲಿಯವರೆಗೆ ಇಳಿಸಬೇಡಿ, ನಾನೂ ಸುಲಿಯಲು ಕೂರುತ್ತೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ ಅಂತ ತಿಳಿಸಿ.

ನಿಮ್ಮ ಮಗಳು